ಬಿಲ್ ಯಾಕೆ ನಿಂತಿದೆ ಮೇಡಂ?

"ಬಿಲ್ ಯಾಕೆ ನಿಂತಿದೆ ಮೇಡಂ? ಹಬ್ಬಕ್ಕೆ ಹುಡುಗರಿಗೆ ಬೋನಸ್ ಕೊಡ್ಬೇಕು."

2025ರ ದೀಪಾವಳಿಗೆ ಇನ್ನೊಂದು ವಾರವಿತ್ತು. ಫೋನ್ ಮಾಡಿದವರು ನಮ್ಮ ಕಾರ್ಖಾನೆಗೆ ರಟ್ಟಿನ ಪೆಟ್ಟಿಗೆ ಕೊಡುವ ಹಿರಿಯರು. ಪೀಣ್ಯದಲ್ಲಿ ಎಂಟು ಜನರ ಪುಟ್ಟ ಘಟಕ. ಒಂಬತ್ತು ವರ್ಷದಲ್ಲಿ ಅವರ ಬಿಲ್ಲಿನಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆದದ್ದಿಲ್ಲ.

ಅಕೌಂಟ್ಸ್‌ನಲ್ಲಿ ಬಿಲ್ ಪಾಸ್ ಮಾಡುವುದು ನನ್ನ ಕೆಲಸ. ಪರ್ಚೇಸ್ ಆರ್ಡರ್, ಸರಕು ಬಂದ ರಸೀತಿ, ಬಿಲ್ ಮೂರೂ ತಾಳೆಯಾಗಬೇಕು. ಈ ದಾರಿಯನ್ನು ಈಗ ಎಐ ಕಾಯುತ್ತದೆ. ಅನುಮಾನ ಬಂದರೆ ಕೆಂಪು ಗುರುತು ಹಾಕಿ ತಡೆಯುತ್ತದೆ. ಮೊದಲು ಅದು ಕೊಡುತ್ತಿದ್ದದ್ದು ಅನುಮಾನ ಎಷ್ಟೆಂದು ಹೇಳುವ ಬರೀ ಒಂದು ಅಂಕ, ಕಾರಣವಿಲ್ಲ. ಮಾರ್ಚಿನಲ್ಲಿ ಲೇತ್ ಕೆಲಸ ಮಾಡಿಕೊಡುತ್ತಿದ್ದ ಒಬ್ಬರಿಗೆ "ಸಿಸ್ಟಮ್ ತಡೆದಿದೆ ಸರ್, ನಮಗೂ ಗೊತ್ತಿಲ್ಲ" ಎಂದು ಮೂರು ಸಲ ಹೇಳಿದ್ದೆ. ಹಣ ತಡವಾಗಿ ಹೋಯಿತು. ಆಮೇಲೆ ಅವರು ನಮ್ಮ ಕೆಲಸ ಒಪ್ಪಿಕೊಳ್ಳಲೇ ಇಲ್ಲ. ಆ ನಾಚಿಕೆ ನನ್ನಲ್ಲಿ ಉಳಿದುಬಿಟ್ಟಿತ್ತು.

ಈ ಸಲ ಡೇಟಾ ವಿಭಾಗದ ಹುಡುಗಿ ನನ್ನ ಪಕ್ಕ ಕೂತು ಹೊಸ ಪರದೆ ತೆರೆದಳು. ಅನುಮಾನದ ಅಂಕ ಒಂದಕ್ಕೆ 0.91. ಕೆಳಗೆ ಗ್ರಾಫಿನಲ್ಲಿರುವಂಥ ಉದ್ದಗಿಡ್ಡ ಪಟ್ಟಿಗಳು. ಬಿಲ್ಲಿನ ಯಾವ ಅಂಶ ಈ ಅಂಕವನ್ನು ಎಷ್ಟು ಮೇಲೆತ್ತಿದೆ ಎನ್ನುವ ಪಾಲುಪಟ್ಟಿ ಅದು. ಕೂಡಿ ದುಡಿದವರಿಗೆ ನ್ಯಾಯವಾದ ಪಾಲೆಷ್ಟು ಎಂದು ಗಣಿತಜ್ಞ ಲಾಯ್ಡ್ ಶ್ಯಾಪ್ಲಿ 1953ರಲ್ಲಿ ಹಾಕಿದ ಲೆಕ್ಕವೇ ಇದಕ್ಕೆ ತಳಹದಿ ಎಂದಳು. ನನಗದು ಬಹಳ ಹಿಡಿಸಿತು. ಪಾಲು ಹಂಚುವುದು ಗೊತ್ತಿಲ್ಲದ ಮನೆ ಯಾವುದಿದೆ?

ಎಲ್ಲಕ್ಕಿಂತ ಉದ್ದದ ಪಟ್ಟಿ ತೆರಿಗೆ ದರದ್ದು. ಸೆಪ್ಟೆಂಬರ್ 22ರಿಂದ ರಟ್ಟಿನ ಪೆಟ್ಟಿಗೆಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿತ್ತು. ನಮ್ಮ ಆರ್ಡರ್ ಹಳೆಯ ದರದಲ್ಲಿ 2,06,080 ರೂಪಾಯಿ. ಅವರ ಬಿಲ್ ಹೊಸ ದರದಲ್ಲಿ 1,93,200. ಹಳೆಯ ಬಿಲ್‌ಗಳಿಂದಲೇ ಕಲಿತ ಯಂತ್ರ ಸರಿಯಾದ ಬಿಲ್ಲನ್ನೇ ತಪ್ಪೆಂದುಕೊಂಡಿತ್ತು. ಆರ್ಡರ್ ತಿದ್ದದೆ ಬಿಟ್ಟವರು ನಾವು. ಅದೇ ಕಾರಣಕ್ಕೆ ಇನ್ನೂ ಹದಿನಾಲ್ಕು ಬಿಲ್ ನಿಂತಿದ್ದವು.

ಕೆಳಗೊಂದು ಗಿಡ್ಡ ಪಟ್ಟಿಯಿತ್ತು: ಬ್ಯಾಂಕ್ ಖಾತೆ ಹೊಸದು. ಇದನ್ನು ಮಾತ್ರ ನಾನು ಹಾಗೇ ಬಿಡಲಿಲ್ಲ. ಖಾತೆ ಬದಲಿಸಿ ಹಣ ಹೊಡೆಯುವುದು ನಮ್ಮ ಕೆಲಸದಲ್ಲಿ ದೊಡ್ಡ ಭಯ. ನಮ್ಮ ದಾಖಲೆಯಲ್ಲಿದ್ದ ಹಳೆಯ ನಂಬರಿಗೇ ಫೋನ್ ಮಾಡಿದೆ.

"ತಪ್ಪು ನಮ್ಮದು ಸರ್, ಆರ್ಡರ್‌ನಲ್ಲಿ ಹಳೇ ತೆರಿಗೆ ಇತ್ತು. ಆದ್ರೆ ಹೊಸ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್ ಒಂದು ಬೇಕು."

"ಕೇಳ್ಬೇಕಾದ್ದೇ ಬಿಡಿ ಮೇಡಂ. ಈಗ್ಲೇ ಕಳಿಸ್ತೀನಿ."

ಎರಡು ದಿನದಲ್ಲಿ ಹಣ ಹೋಯಿತು.

ಆಮೇಲೆ ಆ ಹುಡುಗಿಯನ್ನು ಕೇಳಿದೆ: "ಮಾರ್ಚಿನ ಆ ಬಿಲ್ಲನ್ನೂ ತೆಗೆದು ನೋಡೋಣ್ವಾ?" ತೆಗೆದಳು. ಉದ್ದದ ಪಟ್ಟಿಯ ಎದುರು ಬರೆದಿತ್ತು: ಬಿಲ್ ಬಂದ ಸಮಯ, ಭಾನುವಾರ ರಾತ್ರಿ 11. ವಾರವೆಲ್ಲ ಲೇತ್ ಮುಂದೆ ನಿಲ್ಲುವ ಮನುಷ್ಯನಿಗೆ ಬಿಲ್ ಮಾಡಲು ಸಿಗುವ ಹೊತ್ತು ಅದೊಂದೇ. ಅವರ ನಂಬರ್ ಹುಡುಕಿ ಅವತ್ತೇ ಫೋನ್ ಮಾಡಿದೆ.