ಯೆಜ್ಡಿಗೆ 12 ವೋಲ್ಟ್

ಅಪ್ಪನ ಹಳೇ ಯೆಜ್ಡಿ ಬೈಕಿನ ಎಲೆಕ್ಟ್ರಿಕಲ್ ಸಿಸ್ಟಮನ್ನು ಕೊನೆಗೂ 6 ವೋಲ್ಟ್‌ನಿಂದ 12ಕ್ಕೆ ಏರಿಸಿದೆ. ಪ್ಲಗ್‌ನಲ್ಲಿ ಕಿಡಿ ಹಾರಿಸುವ ಹಳೇ ಪಾಯಿಂಟ್ ತೆಗೆದು, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸಿಡಿಐ ಕೂರಿಸಿದೆ. ಅದೂ ಸರಸ್ವತಿಪುರಂ ಮನೆಯ ಪೋರ್ಟಿಕೋದಲ್ಲಿ, ನಾನೇ! ಇದುವರೆಗೆ ಬಲ್ಬ್ ಬದಲಾಯಿಸಿದ್ದೇ ನನ್ನ ದೊಡ್ಡ ಸಾಧನೆ.

ವೈರಿಂಗ್ ಹೇಗೋ ಆಯ್ತು. ಬೆವರಿಳಿಸಿದ್ದು ಟೈಮಿಂಗ್. ಪಿಸ್ಟನ್ ಮೇಲಿನ ತುದಿ ಮುಟ್ಟುವ ಸ್ವಲ್ಪ ಮೊದಲೇ ಕಿಡಿ ಹಾರಬೇಕು. ಪ್ಲಗ್ ಬಿಚ್ಚಿ, ಆ ತೂತಿಗೆ ಪಿಸ್ಟನ್ ಎಲ್ಲಿದೆ ಅಂತ ಅಳೆಯುವ ಡಯಲ್ ಗೇಜ್ ಹಾಕಿ, ಉಸಿರು ಬಿಗಿಹಿಡಿದು ಕಿಡಿಯ ಸಮಯ ಹೊಂದಿಸುವ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಸ್ಕ್ರೂ ಬಿಗಿ ಮಾಡುವಾಗ ಜರುಗುತ್ತದೆ. ಮತ್ತೆ ಮೊದಲಿಂದ. ಪಕ್ಕದ ಮನೆ ಅಂಕಲ್ ಬೇರೆ ಕಾಂಪೌಂಡ್ ಮೇಲಿಂದ ಇಣುಕಿ, "ಸುಮ್ನೆ ಮೆಕ್ಯಾನಿಕ್ ಹತ್ರ ಕೊಟ್ಬಿಡಪ್ಪ" ಅನ್ನುತ್ತಲೇ ಇದ್ದರು.

ಕವರ್ ಒಳಗಿನ ಜಿಡ್ಡು ಒರೆಸುವಾಗ ಅನ್ನಿಸಿತು, ಈ ಗಾಡಿ ಹುಟ್ಟಿದ್ದು ಇಲ್ಲೇ ಮೈಸೂರಿನ ಯಾದವಗಿರಿಯಲ್ಲಿ. ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಇದನ್ನು ಜೋಡಿಸಿದವರು ಈಗ ಇದೇ ಊರಿನ ಯಾವುದೋ ಪಾರ್ಕಲ್ಲಿ ವಾಕ್ ಮಾಡ್ತಿರಬಹುದು, ಅಲ್ವಾ?

ಅದಿರಲಿ. ಕಿಕ್ಕರೂ ಗೇರೂ ಒಂದೇ ಆಗಿರುವ ಆ ಲಿವರ್‌ಗೆ ಒಂದು ಒದೆ ಕೊಟ್ಟೆ, ಗಾಡಿ ಸ್ಟಾರ್ಟ್ ಆಯ್ತು. ಹೆಡ್‌ಲೈಟ್ ಈಗ ಬೆಳ್ಳಗೆ ಉರಿಯುತ್ತಿದೆ. ಹಾರ್ನ್ ಮಾತ್ರ ಹಳೇ 6 ವೋಲ್ಟಿನದು, ಕನೆಕ್ಷನ್ ಕೊಟ್ಟಿಲ್ಲ. ಯಾರ ಹತ್ರ ಆದ್ರೂ ಒಳ್ಳೆ 12 ವೋಲ್ಟ್ ಹಾರ್ನ್ ಇದ್ದರೆ ಹೇಳಿ.