ಐವಿಯ ಕೆನೆ ಅಂಚು ಉಳಿಯಬೇಕಾದರೆ

ಎರಡು ಬಣ್ಣದ ಎಲೆಯ ಐವಿಯಲ್ಲಿ ಕೆನೆ ಬಣ್ಣ ಕಾಣುವ ಕಡೆ ಪತ್ರಹರಿತ್ತು ಇರುವುದಿಲ್ಲ, ಇದ್ದರೂ ಅತ್ಯಲ್ಪ. ಆ ಭಾಗಕ್ಕೂ ಆಹಾರ ತಯಾರಿಸಿ ಕೊಡುವುದು ಪಕ್ಕದ ಹಸಿರು ಭಾಗವೇ. ಹಾಗಾಗಿ ಈ ಬಳ್ಳಿ ಪೂರ್ತಿ ಹಸಿರು ಐವಿಗಿಂತ ನಿಧಾನವಾಗಿ ಬೆಳೆಯುತ್ತದೆ, ಬಿಸಿಲಿಗೂ ಮಬ್ಬಿಗೂ ಬೇಗ ಸೋಲುತ್ತದೆ.

ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ, ಆಮೇಲೆ ಬೆಳಕಿರುವ ನೆರಳು: ಇಂಥ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ನಡುಹಗಲ ಬಿಸಿಲು ಬಿದ್ದರೆ ಕೆನೆ ಅಂಚೇ ಮೊದಲು ಕಂದಾಗಿ ಗರಿಗರಿ ಒಣಗುತ್ತದೆ. ಬೆಳಕು ಸಾಲದಿದ್ದರೆ ಹೊಸ ಎಲೆಗಳಲ್ಲಿ ಹಸಿರೇ ಹೆಚ್ಚುತ್ತದೆ, ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತದೆ.

ತಳಿ ನೋಡಿ ಆರಿಸಿ. ಬೂದು ಹಸಿರಿನ ಮೇಲೆ ಕೆನೆ ಅಂಚಿರುವ 'ಗ್ಲೇಸಿಯರ್' ಕುಂಡಕ್ಕೂ ನೆಲಕ್ಕೂ ಒಗ್ಗುತ್ತದೆ. ಎಲೆಯ ನಡುವೆ ಹಳದಿ ಇರುವ 'ಗೋಲ್ಡ್‌ಹಾರ್ಟ್' ಗೋಡೆ ಏರಿದರೆ ಚೆನ್ನ. ನೆಲದ ಮೇಲೆ ಬಿಟ್ಟರೆ ಬೇಗ ಹಸಿರಿಗೆ ತಿರುಗುತ್ತದೆ, ನೆಲಕ್ಕೆಂದು ಇದನ್ನು ಕೊಳ್ಳಬೇಡಿ. ದೊಡ್ಡ ಜಾಗ ತುಂಬಬೇಕಿದ್ದರೆ ಅಗಲ ಎಲೆಯ 'ಸಲ್ಫರ್ ಹಾರ್ಟ್' ಇದೆ.

ನೆಲಕ್ಕೆ ಹಾಕುವಾಗ ಹೆಚ್ಚಿನ ಶ್ರಮ ಕಳೆಗೇ ಹೋಗಲಿ. ಬಹುವಾರ್ಷಿಕ ಕಳೆಗಳನ್ನು ಬೇರುಸಹಿತ ತೆಗೆಯದೆ ನೆಟ್ಟರೆ ಆಮೇಲೆ ಹೆಣೆದುಕೊಂಡ ಬಳ್ಳಿಯ ನಡುವಿನಿಂದ ಅವನ್ನು ಕೀಳಲಾಗದು. 20 ಸೆಂ.ಮೀ. ಆಳ ಅಗೆದು, 5 ಸೆಂ.ಮೀ. ದಪ್ಪ ಕಾಂಪೋಸ್ಟ್ ಹರಡಿ ಬೆರೆಸಿ. ಸಣ್ಣ ಎಲೆಯ ತಳಿಗೆ 30 ಸೆಂ.ಮೀ., ದೊಡ್ಡದಕ್ಕೆ 60 ಸೆಂ.ಮೀ. ಅಂತರ ಬಿಡಿ. ಸಸಿಯ ಉದ್ದ ಕುಡಿಗಳನ್ನು ನೆಲಕ್ಕೆ ಮಲಗಿಸಿ, ಒಂದೆರಡು ಗೆಣ್ಣುಗಳ ಎಲೆ ಕಿತ್ತು ಮಣ್ಣು ಮುಚ್ಚಿ, ತುದಿ ಹೊರಗಿರಲಿ. ಮುಚ್ಚಿದ ಗೆಣ್ಣೆಲ್ಲ ಬೇರು ಬಿಡುತ್ತದೆ. ಹರಡುವ ವೇಗ ಬರುವುದೇ ಇದರಿಂದ. ಮೊದಲ ವರ್ಷ ಬಳ್ಳಿ ಅಲುಗದಂತೆ ಕಾಣುತ್ತದೆ, ಆಗ ಗಾಬರಿಯಿಂದ ಗೊಬ್ಬರ ಸುರಿಯಬೇಡಿ. ಸಾರಜನಕ ಹೆಚ್ಚಾದರೆ ಮೆತ್ತನೆಯ ಹಸಿರು ಕುಡಿಗಳೇ ಮುನ್ನುಗ್ಗುತ್ತವೆ.

ಕಾಡಿಗೆ ತಾಗಿದ ಜಾಗದಲ್ಲಿ ಐವಿಯನ್ನು ನೆಲಕ್ಕೆ ಬಿಡಲೇಬಾರದು. ಅಮೆರಿಕದ ಆರೆಗನ್ ರಾಜ್ಯ 2010ರಲ್ಲಿ ಇಂಗ್ಲಿಷ್ ಐವಿಯ ಮಾರಾಟವನ್ನೇ ನಿಷೇಧಿಸಿದ್ದು ಅದು ಕಾಡುಗಳನ್ನು ಆವರಿಸಿದ್ದರಿಂದ. ತೋಟದಲ್ಲೂ ಮರದ ಬುಡದ ಸುತ್ತ ಅರ್ಧ ಮೀಟರ್ ಖಾಲಿ ಇರಲಿ, ಏರಲು ಹೊರಟ ಕುಡಿಯನ್ನು ಅಂದೇ ಕತ್ತರಿಸಿ.

ಕುಂಡಕ್ಕೆ ಎರಡು ಪಾಲು ಕಾಂಪೋಸ್ಟ್ ಮಿಶ್ರಣ, ಒಂದು ಪಾಲು ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು) ಸಾಕು. 15 ಸೆಂ.ಮೀ. ಕುಂಡಕ್ಕೆ ಬೇರು ಬಿಟ್ಟ ಮೂರು ನಾಲ್ಕು ಕಡ್ಡಿ ಒಟ್ಟಿಗೆ ನೆಟ್ಟರೆ ದಟ್ಟವಾಗಿ ಇಳಿಬೀಳುತ್ತದೆ. ಮೇಲಿನ 2–3 ಸೆಂ.ಮೀ. ಮಣ್ಣು ಒಣಗಿದ ಮೇಲೆಯೇ ನೀರು. ಅದು ತಳದಿಂದ ಹರಿದು ಹೋಗಲಿ, ತಟ್ಟೆಯಲ್ಲಿ ನಿಲ್ಲದಿರಲಿ. ಬೇರು ಕೊಳೆತ ಐವಿಯೂ ಬಾಯಾರಿದಂತೆಯೇ ಬಾಡುತ್ತದೆ. ಮಣ್ಣು ಮುಟ್ಟಿ ನೋಡದೆ ಮತ್ತೆ ನೀರು ಹಾಕಿದರೆ ಕಥೆ ಮುಗಿಯಿತು. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಅರ್ಧ ಪ್ರಮಾಣದ ದ್ರವಗೊಬ್ಬರ ಕೊಡಿ.

ಮನೆಯೊಳಗೆ, ಬೆಚ್ಚಗಿನ ಒಣಗಾಳಿಯಲ್ಲಿ ಎಲೆಯ ರಸ ಹೀರುವ ಪುಟ್ಟ ಜೀವಿ ಜೇಡನುಸಿ ಬರುತ್ತದೆ. ಎಲೆ ಮೇಲೆ ಸೂಜಿ ಚುಚ್ಚಿದಂಥ ಮಾಸಲು ಚುಕ್ಕೆಗಳು, ಅಡಿಯಲ್ಲಿ ನಯವಾದ ಬಲೆ. ಬಣ್ಣದ ಎಲೆಯಾದ್ದರಿಂದ ಚುಕ್ಕೆ ಬೇಗ ಕಣ್ಣಿಗೆ ಬೀಳದು, ಎಲೆ ಮಗುಚಿ ನೋಡಿ. ಕುಂಡವನ್ನು ಓರೆ ಮಾಡಿ ಎಲೆಗಳ ಅಡಿಯನ್ನು ರಭಸದ ನೀರಿನಿಂದ ತೊಳೆದು, ಕೀಟನಾಶಕ ಸೋಪಿನ ದ್ರಾವಣ ಸಿಂಪಡಿಸಿ. ಮೊಟ್ಟೆಗಳು ಉಳಿಯುವುದರಿಂದ ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಬೇಕು.

ಇನ್ನು ಹಸಿರಿಗೆ ಮರಳುವ ಕಾಟ. ಪೂರ್ತಿ ಹಸಿರು ಕುಡಿ ಒಂದೇ ಬಂದರೂ ಅದು ಉಳಿದವನ್ನು ಹಿಂದಿಕ್ಕುತ್ತದೆ. ತುದಿ ಚಿವುಟಿದರೆ ಪ್ರಯೋಜನವಿಲ್ಲ, ಪಕ್ಕದ ಮೊಗ್ಗುಗಳೂ ಹಸಿರೇ. ಬಣ್ಣವಿರುವ ಎಲೆ ಸಿಗುವವರೆಗೆ ಕೆಳಗಿಳಿದು, ಅಲ್ಲಿ ಕತ್ತರಿಸಿ. ಪೂರ್ತಿ ಬಿಳಿಯಾದ ಕುಡಿಯನ್ನೂ ತೆಗೆಯಿರಿ. ಕಡ್ಡಿಯಾಗಿ ನೆಟ್ಟರೆ ಅದು ಬದುಕುವುದಿಲ್ಲ.

ಹೊಸ ಗಿಡಕ್ಕೆ ಬಣ್ಣ ಸಮವಾಗಿ ಹಂಚಿದ ಕುಡಿಯಿಂದಲೇ 10 ಸೆಂ.ಮೀ. ಕಡ್ಡಿ ಆರಿಸಿ, ಗೆಣ್ಣಿನ ಕೆಳಗೆ ಕತ್ತರಿಸಿ, ತೇವದ ಮಿಶ್ರಣದಲ್ಲಿ ಊರಿ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಕೈಗವಸು ಮರೆಯಬೇಡಿ: ಐವಿಯ ರಸದಲ್ಲಿರುವ ಫಾಲ್ಕರಿನಾಲ್ ಕೆಲವರಿಗೆ ಚರ್ಮದ ಉರಿ, ಗುಳ್ಳೆ ತರುತ್ತದೆ. ಕತ್ತರಿಸಿದ ಎಲೆಗಳನ್ನು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಆಗಲೇ ಗುಡಿಸಿ ತೆಗೆಯಿರಿ.