ಪಟ್ಟಿಯನ್ನು ಗಾಳಿಗೆ ಎತ್ತುವ ಮುಂಚೆ

ಕಲಬುರಗಿ, ಮೇ 14, 2024, ಮಂಗಳವಾರ

ಇವತ್ತು ಪಾಲಿಸ್ಟೈರೀನ್ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಫೈಬ್ರಿನೋಜೆನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್, ಎಷ್ಟು ಅಂಟುತ್ತದೆ ಎಂದು ಅಳೆಯುವುದು. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಮಿಲಿಲೀಟರಿಗೆ 35ರಿಂದ 50 ಮಿಲಿಗ್ರಾಂ ಇದ್ದರೆ ಇದು ಬರೇ 2ರಿಂದ 4. ಆದರೆ ಪ್ಲೇಟ್‌ಲೆಟ್‌ಗಳು ಬಂದು ಹಿಡಿದುಕೊಳ್ಳುವುದು ಇದನ್ನೇ. ಕೃತಕ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಳ್ಳುವ ಕಥೆ ಇಲ್ಲಿಂದಲೇ ಶುರು.

ಪುಡಿ ಕರಗಿಸುವಾಗ ಕುಲುಕಬಾರದು. 37 ಡಿಗ್ರಿಯ ಉಪ್ಪುನೀರಿನ ಮೇಲೆ ಉದುರಿಸಿ, ತಾನಾಗಿ ಇಳಿಯಲು ಬಿಡಬೇಕು. ನೊರೆ ಎದ್ದರೆ ಚೆಲ್ಲಿ ಹೊಸದು ಮಾಡುವುದೇ ವಾಸಿ. ಗುಳ್ಳೆಯ ಮೈಮೇಲೆ ಪ್ರೋಟೀನ್ ಬಿಚ್ಚಿಕೊಂಡು ಎಳೆಎಳೆಯಾಗಿಬಿಡುತ್ತದೆ.

ದ್ರಾವಣದ ಮೇಲ್ಮೈಯಲ್ಲೂ ಇಂಥದೇ ತೆಳುಪೊರೆ ಕೂತಿರುತ್ತದೆ. ಚಿಮಟದಿಂದ ಪಟ್ಟಿಯನ್ನು ಅದರ ಮೂಲಕ ಅದ್ದಿ ಎತ್ತಿದರೆ ಪೊರೆ ಪಟ್ಟಿಗೆ ಮೆತ್ತಿ ಲೆಕ್ಕ ಏರುತ್ತದೆ. ಆದ್ದರಿಂದ ಪಟ್ಟಿ ಮೊದಲು 7.4 ಪಿಎಚ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಮುಳುಗಿರಲಿ, ಪ್ರೋಟೀನ್ ಆಮೇಲೆ ಅದರೊಳಕ್ಕೆ. ತೊಳೆಯುವುದೂ ಹಾಗೆಯೇ: ಒಂದು ಕಡೆ ಬಫರ್ ಬಿಡುತ್ತ, ಇನ್ನೊಂದು ಕಡೆ ಹೀರುತ್ತ, ಪಾತ್ರೆಯ ಅಳತೆಯ ಹತ್ತು ಪಟ್ಟು ಹರಿಸಬೇಕು. ಅಲ್ಲಿಯವರೆಗೂ ಪಟ್ಟಿಗೆ ಗಾಳಿ ಸೋಕಕೂಡದು.

ಪಟ್ಟಿ 0.5 × 2 ಸೆಂ.ಮೀ., ಎರಡು ಮುಖ ಸೇರಿ 2 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ 0.3 ಮೈಕ್ರೋಗ್ರಾಂ ಎಂದು ಹಿಡಿದರೆ ಒಂದರಿಂದ ಸಿಗುವುದು 0.6. ಪ್ರೋಟೀನ್ ಅಳೆಯುವ ಬಣ್ಣದ ಪರೀಕ್ಷೆ ಮೈಕ್ರೋ ಬಿಸಿಎ ಮಿಲಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಕೆಳಗೆ ನಂಬಿಕೆಯದಲ್ಲ. ಹೀಗಾಗಿ ಐದು ಪಟ್ಟಿ ಒಟ್ಟಿಗೆ, 1 ಮಿಲಿಲೀಟರ್ ಶೇ. 1ರ ಎಸ್‌ಡಿಎಸ್‌ನಲ್ಲಿ (ಅಂಟಿದ ಪ್ರೋಟೀನನ್ನು ಬಿಡಿಸುವ ಮಾರ್ಜಕ). ಬಣ್ಣ ಓದುವುದು 562 ನ್ಯಾನೋಮೀಟರಿನ ಬೆಳಕಿನಲ್ಲಿ. ಅದೇ ಎಸ್‌ಡಿಎಸ್ ಹಾಕಿದ ಖಾಲಿ ಪಟ್ಟಿಯ ಅಂಕಿ ಕಳೆಯದಿದ್ದರೆ ಇಷ್ಟೂ ವ್ಯರ್ಥ.

ಈ ಊರಿನ ಬೇಸಿಗೆಯಲ್ಲಿ 'ಕೋಣೆಯ ಉಷ್ಣತೆ' ಎಂದು ಬರೆದುಕೊಂಡರೆ ಅರ್ಥವೇ ಇಲ್ಲ. ಫ್ಯಾನ್ ಕೆಳಗೂ ಪಾದರಸ 40ರ ಆಸುಪಾಸು. ಅಂಕಿಯನ್ನೇ ಬರೆಯಬೇಕು. ಕರೆಂಟ್ ಹೋಗಿ ಪಟ್ಟಿಗಳು ಗಂಟೆಗಟ್ಟಲೆ ಕಾದರೆ ಇನ್ನೂ ಕಷ್ಟ. ಪಾಲಿಸ್ಟೈರೀನ್‌ನಂಥ, ನೀರನ್ನು ಒಲ್ಲದ ಮೇಲ್ಮೈಯಲ್ಲಿ ಪ್ರೋಟೀನ್ ಹೊತ್ತು ಕಳೆದಂತೆ ಹರಡಿಕೊಂಡು ಬಿಗಿಯಾಗುತ್ತದೆ, ಎಸ್‌ಡಿಎಸ್‌ಗೂ ಪೂರ್ತಿ ಬಿಡುವುದಿಲ್ಲ. ಆಗ ಕಡಿಮೆ ಅಂಟಿದೆ ಎಂದು ಓದಿಕೊಳ್ಳುವುದು ತಪ್ಪು, ಅಂಟಿದ್ದು ಅಲ್ಲೇ ಉಳಿದಿರುತ್ತದೆ. ತೊಳೆದದ್ದಕ್ಕೂ ಬಿಡಿಸಿದ್ದಕ್ಕೂ ನಡುವಿನ ನಿಮಿಷಗಳು ಎಲ್ಲ ಪಟ್ಟಿಗಳಿಗೂ ಒಂದೇ ಇರಲಿ.

ನಾಳೆ ಸಿಟ್ರೇಟ್ ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ್ದು. ಸೀರಮ್ ಆಗದು, ಹೆಪ್ಪುಗಟ್ಟುವಾಗಲೇ ಫೈಬ್ರಿನೋಜೆನ್ ಹೋಗಿರುತ್ತದೆ. ಪ್ಲಾಸ್ಮಾದಲ್ಲಿ ಮೊದಲು ಕೂತ ಫೈಬ್ರಿನೋಜೆನ್ನನ್ನು ಆಮೇಲೆ ಬಂದ ದೊಡ್ಡ ಕಿನಿನೋಜೆನ್ ಎಂಬ ಇನ್ನೊಂದು ಪ್ರೋಟೀನ್ ಎಬ್ಬಿಸುತ್ತದೆ. ಗಾಜಿನ ಮೇಲೆ ಇದು ಎದ್ದು ಕಾಣುತ್ತದೆ. ಡಚ್ ಕವಿಯೂ ಆಗಿದ್ದ ಲಿಯೋ ವ್ರೋಮನ್ ಹೆಸರಿನ ಪರಿಣಾಮ ಇದೇ. ಬಿಸಿಎ ಯಾವ ಪ್ರೋಟೀನ್ ಎಂದು ಹೇಳದು, ಒಂದೇ ಪ್ರೋಟೀನನ್ನು ಗುರುತಿಸಿ ಹಿಡಿಯುವ ಪ್ರತಿಕಾಯವೇ ಬೇಕು. ಗಾಜು, ಪಾಲಿಸ್ಟೈರೀನ್ ಎರಡಕ್ಕೂ ಪ್ಲಾಸ್ಮಾ ಸೋಕುವುದು 1, 10, 60 ನಿಮಿಷ.